ಪ್ಲೇಟಿನೊಳಗಿನ ಉಸಿರು

ಹಾಡು ಅರ್ಧಕ್ಕೆ ಬರುವ ಮೊದಲೇ ಆರ್ಲೀನಳಿಗೆ ಗೊತ್ತಾಗಿ ಹೋಯಿತು. ಇದು ಅಮ್ಮನ ದನಿಯಲ್ಲ. ಸಿ.ಡಿ.ಯೊಳಗಿಂದ ಬರುತ್ತಿದ್ದದ್ದು ಯಾವಳೋ ಎಳೆಯ ಹುಡುಗಿಯ ತೆಳ್ಳನೆಯ ಗಂಟಲು. ಜೊತೆಗೆ ಬ್ಯಾಂಜೊದ ತಂತಿ, ಒಂದು ಮೌತ್ ಆರ್ಗನ್. ಮೂರೂ ಸೇರಿ, ಮೋಡ ಕವಿದಾಗ ಒಣಹಾಕಿದ ಬಟ್ಟೆ ಎತ್ತಿಕೊಳ್ಳಲು ಓಡುವವರ ಹಾಗೆ ಹಾಡನ್ನು ಓಡಿಸುತ್ತಿದ್ದವು.

"ನಿಲ್ಸಪ್ಪ, ಇದಲ್ಲ," ಎಂದಳು. ತೊಡೆಯ ಮೇಲಿದ್ದ ಬೋಗುಣಿಯಿಂದ ಒಂದು ಬೀನ್ಸ್ ಎತ್ತಿ, ನಾರು ತೆಗೆದು, ಪಟ್ಟನೆ ಮುರಿದಳು. ಅಳು ಬರುವ ಹಾಗಾದಾಗ ಕೈಗೆ ಕೆಲಸ ಕೊಡುವುದು ಅವಳ ಹಳೆಯ ಅಭ್ಯಾಸ.

ಎದುರಿಗೆ ಕೂತಿದ್ದ ಡೆಲ್ಮರ್ ಪ್ರೂಯಿಟ್ ಸಿ.ಡಿ. ನಿಲ್ಲಿಸಿದ. ಪಕ್ಕದ ಟೆನೆಸ್ಸಿ ರಾಜ್ಯದವನು. ಬಸ್ಸು ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತ, ಉಳಿದ ಆಯುಷ್ಯವನ್ನೆಲ್ಲ ಜನರ ಅಟ್ಟಗಳಲ್ಲಿ ಹಳೆಯ ಗ್ರಾಮಫೋನ್ ಪ್ಲೇಟು ಹುಡುಕುವುದರಲ್ಲಿ ಕಳೆದವನು. ಈಗ ಈ ಬೆಟ್ಟಸೀಮೆಯ ಮೊದಮೊದಲ ಹಾಡುಗಾರರ ಬಗ್ಗೆ ಒಂದು ದಪ್ಪ ಪುಸ್ತಕ ಬರೆದು, ಅದರ ಬೆನ್ನಿಗೆ ಸಿ.ಡಿ.ಗಳನ್ನೂ ಇಟ್ಟಿದ್ದ. ಪುಸ್ತಕ ಇನ್ನೂ ಶಾಯಿಯ ವಾಸನೆ ಹೊಡೆಯುತ್ತಿತ್ತು. ಆರ್ಲೀನಳ ಅಪ್ಪ ಅಮ್ಮ ಮದುವೆಯಾದ ಹೊಸದರಲ್ಲಿ ಪಟ್ಟಣಕ್ಕೆ ಹೋಗಿ ಒಂದೇ ಒಂದು ಪ್ಲೇಟು ಹಾಡಿ ಬಂದಿದ್ದರು. ಅದರ ಒಂದೇ ಪ್ರತಿ ಡೆಲ್ಮರನಿಗೆ ಸಿಕ್ಕಿತ್ತು. ಅದನ್ನು ಟ್ರಕ್ಕಿನ ಪಕ್ಕದ ಸೀಟಿನಲ್ಲಿ ದಿಂಬಿನ ಮೇಲೆ ಮಲಗಿಸಿ, ಹೊಸ ಸೊಸೆಗೆ ಕಟ್ಟುವ ಹಾಗೆ ಬೆಲ್ಟು ಕಟ್ಟಿ ತಂದಿದ್ದ.

"ಪ್ಲೇಟಿನ ಮೇಲೆ ನಿಮ್ಮ ಮನೆತನದ ಹೆಸರು, 'ಸ್ಟಂಬೋ ಕುಟುಂಬ' ಅಂತ ಮಾತ್ರ ಇದೆ ಆರ್ಲೀನಮ್ಮ. ದನಿ ಕೇಳಿ, ಯಾರೋ ಹದಿಮೂರರ ಹುಡುಗಿ ಇರಬೇಕು ಅಂತ ಪುಸ್ತಕದಲ್ಲಿ ಬರೆದುಬಿಟ್ಟೆ. ಆ ಹುಡುಗಿ ಹೆಸರು ಕೇಳ್ಕೊಂಡು ಹೋಗೋಣ ಅಂತಲೇ ಬಂದದ್ದು."

"ಹುಡುಗಿ ಎಲ್ಲಿಂದ ಬರ್ಬೇಕು? ನಮ್ಮಪ್ಪನ ಕಡೆ ಎಲ್ಲ ಗಂಡುಗಳೇ. ಅಮ್ಮ ಒಬ್ಬಳೇ ಮಗಳು. ಹಾಡಿದ್ರೆ ಅವಳೇ ಹಾಡಿರ್ಬೇಕು. ಆದ್ರೆ ಇದು ಅವಳಲ್ಲ."

"ಬೇರೆ ಯಾರದ್ದೋ ಪ್ಲೇಟು ತಂದಿದ್ದಾನೆ, ಬಿಡು," ಎಂದು ಜಗಲಿಯ ಆ ತುದಿಯಿಂದ ಅಣ್ಣ ಹೋಬರ್ಟ್ ಗೊಣಗಿದ. ಅವನು ಚರ್ಚಿನ ಹಿರಿಯ. ಅವರ ಚರ್ಚಿನೊಳಗೆ ವಾದ್ಯ ಕಾಲಿಡುವಂತಿಲ್ಲ. ಹಿರಿಯ ಒಂದು ಸಾಲು ಹೇಳಿಕೊಡುತ್ತಾನೆ, ಸಭೆಯೆಲ್ಲ ಅದನ್ನು ನಿಧಾನಕ್ಕೆ ಎಳೆದು ಹಾಡುತ್ತದೆ, ಅಷ್ಟೆ. ಈ ಪಾಪದ ಸಂಗೀತ ತಾನು ಕೇಳುತ್ತಿಲ್ಲ ಎಂದು ತೋರಿಸಲು ಅವನು ಕುರ್ಚಿಯನ್ನು ಬೇಲಿಯ ಕಡೆ ತಿರುಗಿಸಿಕೊಂಡಿದ್ದ. ಕೇಳುವುದು ಬೇಡವಾಗಿದ್ದರೆ ಮನೆಯಲ್ಲೇ ಇರಬಹುದಿತ್ತು. ಊಟವಾದದ್ದೇ ತಡ, ಬೆಟ್ಟ ಇಳಿದು ಬಂದು ಕೂತಿದ್ದ.

ಆರ್ಲೀನ್ ಹುಟ್ಟುವ ಮೊದಲೇ ಅಮ್ಮ ಕ್ಲೀಟಾ ದೀಕ್ಷೆಗೆಂದು ಹೊಳೆಯಲ್ಲಿ ಮುಳುಗಿ ಎದ್ದು ಚರ್ಚು ಸೇರಿದ್ದಳು. ಬ್ಯಾಂಜೊವನ್ನು ಯಾರಿಗೋ ಕೊಟ್ಟು, ಮನೆಯಲ್ಲಿದ್ದ ಪ್ಲೇಟುಗಳನ್ನು ಕಲ್ಲಿಗೆ ಬಡಿದು, ಆಮೇಲೆ ದೇವರ ಹಾಡು ಬಿಟ್ಟು ಬೇರೊಂದು ಹಾಡಲಿಲ್ಲ. ಆ ದನಿ ಆರ್ಲೀನಳಿಗೆ ಗೊತ್ತು, ತಗ್ಗಿನದು, ಭಾರವಾದದ್ದು. ಗೊತ್ತಿತ್ತು ಎನ್ನಬೇಕೇನೋ. ಅಮ್ಮನ ಮುಖಕ್ಕೆ ಫೋಟೋ ಇತ್ತು, ಕೈಗೆ ಅವಳು ಹೊಲಿದ ರಜಾಯಿಗಳಿದ್ದವು. ದನಿಗೆ ಏನೂ ಇರಲಿಲ್ಲ. ಈಚೀಚೆಗೆ ಪಾತ್ರೆ ತೊಳೆಯುತ್ತ ಅದನ್ನು ನೆನಪು ಮಾಡಿಕೊಳ್ಳಲು ಹೋದರೆ ತನ್ನದೇ ದನಿ ಕೇಳಿಸುತ್ತಿತ್ತು. ಅದು ಅವಳಿಗೆ ಅಮ್ಮ ಎರಡನೇ ಸಲ ಸಾಯುತ್ತಿರುವ ಹಾಗೆ ಅನ್ನಿಸುತ್ತಿತ್ತು. ಡೆಲ್ಮರ್ ಫೋನು ಮಾಡಿದ ದಿನದಿಂದ ಅವಳಿಗೆ ಸರಿಯಾಗಿ ಊಟ ಸೇರಿರಲಿಲ್ಲ.

"ಅವಳು ಒಂದೊಂದು ಸಾಲಿಗೂ ಮುಂಚೆ ಹಲ್ಲಿನ ಸಂದಿಯಿಂದ ಹೀಂ ಅಂತ ಉಸಿರು ಎಳ್ಕೊಳ್ತಿದ್ಳು," ಎಂದಳು. "ಇಡೀ ಚರ್ಚಿಗೆ ಕೇಳ್ತಿತ್ತು. ನಾವು ಮಕ್ಕಳು ಅಣಕಿಸಿ ಏಟು ತಿಂತಿದ್ವಿ. ಇದರಲ್ಲಿ ಅದೂ ಇಲ್ಲ."

ಡೆಲ್ಮರ್ ಕುರ್ಚಿಯ ಅಂಚಿಗೆ ಸರಿದ.

"ಒಂದೊಂದು ಸಾಲಿಗೂ?"

"ಹೂಂ ಮತ್ತೆ."

"ಅಯ್ಯೋ ದೇವರೇ. ಪ್ಲೇಟಿನಲ್ಲಿ ಸಾಲು ಸಾಲಿಗೂ ಟಿಕ್ ಅಂತ ಒಂದು ಸದ್ದಿತ್ತು. ಗೀರು ಬಿದ್ದಿದೆ ಅಂದ್ಕೊಂಡು, ಸಿ.ಡಿ. ಮಾಡೋವಾಗ ವಾರಗಟ್ಟಲೆ ಕೂತು ನಾನೇ ಅಳಿಸಿಹಾಕಿದೆ."

ಅವನು ಎದ್ದು ಟ್ರಕ್ಕಿನ ಕಡೆ ಹೆಚ್ಚುಕಡಿಮೆ ಓಡಿದ. ಪ್ಲೇಟು ನುಡಿಸುವ ಒಂದು ಸೂಟ್‌ಕೇಸಿನಂಥ ಯಂತ್ರವನ್ನೂ ದಿಂಬಿನ ಸಮೇತ ಪ್ಲೇಟನ್ನೂ ಹೊತ್ತು ತಂದ. ಏದುಸಿರು ಬಿಡುತ್ತ ವಿವರಿಸಿದ. ಆ ಕಾಲದಲ್ಲಿ ಹಾಡು ಹಿಡಿಯುವ ಯಂತ್ರಗಳು ಒಂದೊಂದೂ ಒಂದೊಂದು ವೇಗದಲ್ಲಿ ತಿರುಗುತ್ತಿದ್ದವು. ತಾನು ಎಲ್ಲರ ಹಾಗೆ ರೂಢಿಯ ವೇಗದಲ್ಲಿ ನುಡಿಸಿದ್ದ. ಅವರು ನಿಧಾನವಾಗಿ ತಿರುಗಿಸಿ ಹಾಡು ಹಿಡಿದಿದ್ದರೆ, ಈಗ ಅದಕ್ಕಿಂತ ಜೋರಾಗಿ ಓಡಿಸಿದಾಗ ದನಿ ಮೇಲೆ ಹಾರಿ ಹೆಂಗಸು ಹುಡುಗಿಯಾಗುತ್ತಾಳೆ, ಉಸಿರು ಟಿಕ್ ಆಗುತ್ತದೆ.

"ಹಾಗಾದ್ರೆ ನಿಧಾನ ಮಾಡಪ್ಪ!" ಆರ್ಲೀನ್ ಕೈಯಲ್ಲಿದ್ದ ಬೀನ್ಸನ್ನು ಬೋಗುಣಿಗೆ ಹಾಕಿದಳು.

"ಎಷ್ಟು ಅಂತ ಮಾಡ್ಲಿ? ಸುಮ್ಮನೆ ತಿರುಗಿಸ್ತಾ ಹೋದ್ರೆ ನಿಮಗೆ ಬೇಕಾದ ದನಿ ನಾನೇ ಮಾಡಿಕೊಟ್ಟ ಹಾಗಾಗುತ್ತೆ. ಅದು ನಿಮ್ಮಮ್ಮನದ್ದಾಗಿರಲ್ಲ." ಅವನು ಗದ್ದ ಕೆರೆದುಕೊಂಡ. "ಬ್ಯಾಂಜೊ ತಂತಿನ ಹೇಗೆ ಬೇಕಾದ್ರೂ ಬಿಗೀಬಹುದು. ಮೌತ್ ಆರ್ಗನ್ ಹಾಗಲ್ಲ, ಅದರ ಸ್ವರ ಹುಟ್ಟಿದ ಹಾಗೇ ಇರುತ್ತೆ. ನಿಮ್ಮಪ್ಪ ಊದಿದ್ದೇ ಸಿಕ್ಕಿದ್ರೆ, ಅದರ ಸ್ವರಕ್ಕೆ ಪ್ಲೇಟಿನ ವೇಗ ಹೊಂದಿಸಬಹುದಿತ್ತು..."

"ಅದೆಲ್ಲಿ ಸಿಗುತ್ತೆ? ಅಪ್ಪ ಗಣಿಯಲ್ಲಿ ಸತ್ತಾಗ ಅವನ ಜೊತೆಗೇ ಮಣ್ಣು ಮಾಡಿದ್ರಂತೆ. ಈ ಅಣ್ಣನೇ ಹೇಳಿದ್ದು."

ಜಗಲಿಯ ಆ ತುದಿಯಲ್ಲಿ ಕುರ್ಚಿ ಕಿರುಗುಟ್ಟಿತು. ಹೋಬರ್ಟ್ ಬೇಲಿಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಮೈಮೇಲಿನ ಕೋಟಿನ ಒಳಜೇಬಿಗೆ ಕೈ ಹಾಕಿ, ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಗಂಟು ತೆಗೆದ. ಬಿಚ್ಚಿದಾಗ ಒಳಗಿದ್ದದ್ದು ಮೌತ್ ಆರ್ಗನ್. ಮೇಲಿನ ತಗಡು ಕಪ್ಪಾಗಿತ್ತು, ಒಂದು ಮೂಲೆ ನೆಗ್ಗಿತ್ತು.

ಆರ್ಲೀನ್ ಬೋಗುಣಿ ಹಿಡಿದುಕೊಂಡೇ ಅಣ್ಣನ ಕಡೆ ತಿರುಗಿದಳು.

"ಥೂ, ಕಳ್ಳ! ಇಷ್ಟು ವರ್ಷ ನನಗೆ ಸುಳ್ಳು ಹೇಳಿ, ಚರ್ಚಿನ ಪೀಠದಲ್ಲಿ ನಿಂತು ಊರಿಗೆಲ್ಲ ಬುದ್ಧಿ ಹೇಳ್ತಿದ್ದೀಯಲ್ಲೋ!"

"ಊದಿಲ್ಲ ಕಣೇ, ಒಂದು ಸಲವೂ ಊದಿಲ್ಲ. ಸುಮ್ನೆ ಇಟ್ಕೊಂಡಿದ್ದೆ." ಅವನು ಕರವಸ್ತ್ರವನ್ನು ಮಡಚಿದ. "ನೀನು ಹುಟ್ಟಿರ್ಲಿಲ್ಲ. ಅಪ್ಪ ಊದ್ತಿದ್ದ, ಅಮ್ಮ ಹಾಡ್ತಿದ್ಳು. ನಾನು ಮಂಚದ ಕೆಳಗೆ ಮಲ್ಕೊಂಡು ಕೇಳ್ತಿದ್ದೆ. ಅವಳು ಬಿಟ್ಟಿದ್ದನ್ನ ನಾನು ಹಿಡ್ಕೊಂಡಿದ್ದೀನಿ ಅಂತ ಯಾರ ಹತ್ರ ಹೇಳ್ಲಿ?"

ಡೆಲ್ಮರ್ ಪ್ಲೇಟಿನ ಮೇಲೆ ಯಂತ್ರದ ಮುಳ್ಳಿಳಿಸಿದ. ಚರಚರ ಸದ್ದಿನ ಹಿಂದಿನಿಂದ ಅದೇ ಅವಸರದ ಹುಡುಗಿ ಬಂದಳು.

"ಊದಿ ಹಿರಿಯರೇ. ಒಂದೇ ಸ್ವರ ಸಾಕು. ಎಳೀರಿ."

ಹೋಬರ್ಟ್ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟ. ಮೌತ್ ಆರ್ಗನ್ನಿಗೆ ತುಟಿ ಹಚ್ಚಿದ. ಮೊದಲು ಬರಿ ಗಾಳಿ, ತುಕ್ಕಿನ ಕೆಮ್ಮು. ಆಮೇಲೆ ಒಂದು ರಂಧ್ರ ಬಾಯಿ ಬಿಟ್ಟಿತು. ಅದರ ಸ್ವರವೂ ಪ್ಲೇಟಿನ ಸ್ವರವೂ ಒಂದಕ್ಕೊಂದು ಆಗಿಬರದ ನೆರೆಯವರ ಹಾಗೆ ಕಿತ್ತಾಡಿದವು. ಡೆಲ್ಮರ್ ಯಂತ್ರದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ, ಇನ್ನಷ್ಟು ತಿರುಗಿಸಿದ. ಪ್ಲೇಟಿನ ಓಟ ತಗ್ಗಿತು, ಬ್ಯಾಂಜೊ ನಡೆಯತೊಡಗಿತು. ಎರಡು ಸ್ವರಗಳ ನಡುವಿನ ನಡುಕ ನಿಧಾನವಾಗುತ್ತ ಆಗುತ್ತ, ಒಮ್ಮೆಲೇ ನಿಂತುಹೋಯಿತು. ಜಗಲಿಯ ಮೇಲೆ ಈಗ ಒಂದೇ ಮೌತ್ ಆರ್ಗನ್ ನುಡಿಯುತ್ತಿತ್ತು. ಯಾವುದು ಮಗನದು, ಯಾವುದು ಅಪ್ಪನದು ಎಂದು ಹೇಳುವ ಹಾಗಿರಲಿಲ್ಲ. ಹೋಬರ್ಟ್ ಬೆಚ್ಚಿ ತುಟಿ ತೆಗೆದ. ಅಪ್ಪ ನಿಲ್ಲಿಸಲಿಲ್ಲ.

ಹೀಂ.

*ಹೊಳೆಯ ಆಚೆ ದೀಪ ಹಚ್ಚಿಟ್ಟವರಾರೊ,*

ಹೀಂ.

*ನನ್ನ ದೋಣಿಗೆ ಅದು ಕಂಡರೆ ಸಾಕು.*

ಆರ್ಲೀನ್ ಯಂತ್ರದ ಕಡೆ ಬಾಗಿದಳು. ತಗ್ಗಿನ ದನಿ, ಭಾರವಾದ ದನಿ, ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದ ದನಿ. ಅದು ಇಷ್ಟು ಹೊತ್ತೂ ಆ ಹುಡುಗಿಯ ಒಳಗೇ ಇತ್ತು. ಆದರೆ ಅವಳಿಗೆ ಗೊತ್ತಿದ್ದ ಅಮ್ಮ ಹಾಡಿದ್ದು ದೇವರ ಭಯದಲ್ಲಿ. ಈ ಹೆಂಗಸಿಗೆ ಯಾವ ಭಯವೂ ಇರಲಿಲ್ಲ. ಪಕ್ಕದಲ್ಲಿ ಗಂಡ ಊದುತ್ತಿದ್ದಾನೆ, ಅವಳು ಹಾಡುತ್ತಿದ್ದಾಳೆ, ಎರಡನೇ ಚರಣದಲ್ಲಿ ಏನೋ ನೆನೆದು ನಗು ಬಂದು ಅದನ್ನು ತಡೆದುಕೊಂಡೂ ಇದ್ದಾಳೆ. ನನ್ನ ಅರ್ಧ ವಯಸ್ಸೂ ಇಲ್ಲವಲ್ಲ ಇವಳಿಗೆ, ಎಂದುಕೊಂಡು ಆರ್ಲೀನ್ ಬೆರಗಿನಿಂದ ಕೇಳುತ್ತ ಕೂತಳು. ಕಣ್ಣೀರು ಗಲ್ಲದಿಂದ ಬೀನ್ಸಿನ ಮೇಲೆ ತೊಟ್ಟಿಕ್ಕಿತು. ಅದನ್ನು ಒರೆಸಿಕೊಳ್ಳುವ ಯೋಚನೆಯೇ ಅವಳಿಗೆ ಬರಲಿಲ್ಲ.

ಹಾಡು ಮುಗಿದು ಮುಳ್ಳು ಖಾಲಿ ಗೆರೆಯಲ್ಲಿ ಸುತ್ತತೊಡಗಿತು. ಡೆಲ್ಮರ್ ತನ್ನ ದಪ್ಪ ಪುಸ್ತಕವನ್ನು ಹತ್ತಿರ ಎಳೆದುಕೊಂಡು, 'ಹೆಸರು ತಿಳಿದಿಲ್ಲ' ಎಂಬಲ್ಲಿಗೆ ಪೆನ್ನು ಹಿಡಿದು ಕೂತ. ಬರೆಯುವ ಮೊದಲು ಆರ್ಲೀನಳ ಕಡೆ ನೋಡಿದ.

"ಅವಳೇ," ಎಂದಳು ಆರ್ಲೀನ್. "ಕ್ಲೀಟಾ. ಬರ್ಕೋ."

ಹೋಬರ್ಟ್ ಕುರ್ಚಿಯನ್ನು ಬೇಲಿಯಿಂದ ಈಚೆ ತಿರುಗಿಸಿ, ಕಾಲೆಳೆಯುತ್ತ ತಂಗಿಯ ಪಕ್ಕಕ್ಕೆ ತಂದು ಹಾಕಿಕೊಂಡ. ಟೋಪಿ ಇನ್ನೂ ಕೈಯಲ್ಲೇ ಇತ್ತು.

"ಇನ್ನೊಂದು ಸಲ ಹಾಕ್ತೀಯೇನಪ್ಪ?"

ಡೆಲ್ಮರ್ ಮುಳ್ಳನ್ನು ಎತ್ತಿ ಪ್ಲೇಟಿನ ಅಂಚಿಗಿಟ್ಟ. ಆರ್ಲೀನ್ ಅಭ್ಯಾಸಬಲದಿಂದ ಒಂದು ಬೀನ್ಸ್ ಎತ್ತಿ ನಾರು ತೆಗೆದಳು, ಮುರಿಯಲು ಎರಡೂ ಹೆಬ್ಬೆರಳು ಒತ್ತಿದಳು. ಆಮೇಲೆ ಆ ಸದ್ದು ಅಮ್ಮನ ಉಸಿರಿನ ಮೇಲೆ ಬಿದ್ದೀತೆಂದು, ಮುರಿಯದೆ ಹಾಗೇ ಹಿಡಿದುಕೊಂಡಳು.