ಜೀನ್ಸ್ ಚಿಂದಿಯಲ್ಲಿ ಒರೆಸಿದ ಸಿ.ಡಿ.

ರಾಯದುರ್ಗದ ಆ ಜೀನ್ಸ್ ಯುನಿಟ್ಟಿನಲ್ಲಿ ಯಾವುದಕ್ಕೆ ಏನು ಮೆತ್ತಿಕೊಂಡರೂ ಒರೆಸುವುದು ಕಟಿಂಗ್ ಮೇಜಿನ ಕೆಳಗೆ ಬಿದ್ದ ಚಿಂದಿಯಿಂದಲೇ. ಮಿಷಿನ್ ಎಣ್ಣೆಗೂ ಅದೇ, ಊಟದ ಡಬ್ಬಿಗೂ ಅದೇ, ಬೆವೆತ ಮುಖಕ್ಕೂ ಅದೇ. ಹಾಗಾಗಿ ಭೀಮೇಶ ಸಿ.ಡಿ.ಯನ್ನೂ ಅದರಲ್ಲೇ ಗಸಗಸ ಒರೆಸಿದ್ದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ. ಆಮೇಲೆ ಆಡಿದ ಮಾತಿದೆಯಲ್ಲ, ಅದಕ್ಕೆ ಮಾತ್ರ ಕ್ಷಮೆಯಿಲ್ಲ.

ಭೀಮೇಶ ಅಲ್ಲಿನ ಕಟಿಂಗ್ ಮಾಸ್ತರ. ಬಳ್ಳಾರಿಯಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತಿದ್ದ, ಅಷ್ಟಕ್ಕೇ ಎಲ್ಲರ ಪಾಲಿಗೆ ದೊಡ್ಡ ಇಂಜಿನಿಯರ್ ಆಗಿಬಿಟ್ಟಿದ್ದ. ಇದ್ದದ್ದು ಒಂದೇ ಕಂಪ್ಯೂಟರ್. ಅದರಲ್ಲಿ ಪ್ಯಾಂಟಿನ ಹಿಂದಿನ ಜೇಬಿಗೆ ಕಸೂತಿ ಡಿಸೈನ್ ಬರೆಯುತ್ತಿದ್ದವಳು ನೇಮಕಲ್ಲಿನಿಂದ ಬಸ್ಸಿಗೆ ಬರುತ್ತಿದ್ದ ನಾಗರತ್ನ. ನಾಲ್ಕು ವರ್ಷ ನೆಲದ ಮೇಲೆ ಕೂತು ಹೊಲಿದ ಪ್ಯಾಂಟುಗಳ ಇಳಿಬಿದ್ದ ದಾರ ಕತ್ತರಿಸಿ, ಹಟ ಹಿಡಿದು ಡಿಸೈನ್ ಕಲಿತು ಆ ಕುರ್ಚಿ ಸಂಪಾದಿಸಿದ್ದಳು.

ಒಂದು ಸೋಮವಾರ ಕಂಪ್ಯೂಟರಿಗೆ ವೈರಸ್ ಬಡಿದು ವಿಂಡೋಸ್ ಹೊಸದಾಗಿ ಹಾಕಬೇಕಾಯಿತು. ಭೀಮೇಶ ವಿಂಡೋಸಿನ ಸಿ.ಡಿ. ಹಾಕಿ ತೋಳೇರಿಸಿ ಕುಳಿತ. ನೀಲಿ ಪರದೆಯ ಮೇಲೆ ಹಳದಿ ಪಟ್ಟಿ ಸರಿಯುತ್ತ ಸರಿಯುತ್ತ ಶೇಕಡಾ ಅರವತ್ತೊಂದಕ್ಕೆ ನಿಂತಿತು. ಫೈಲ್ ಕಾಪಿ ಆಗುತ್ತಿಲ್ಲ, ಎಂಟರ್ ಒತ್ತಿ ಎಂದಿತು. ಒತ್ತಿದ. ಮತ್ತದೇ ರಾಗ. ಸಿ.ಡಿ. ತೆಗೆದು ನೋಡಿದರೆ ಬೆರಳಿನ ಗುರುತು. ಚಿಂದಿಯಲ್ಲಿ ಸುತ್ತಿ ಸುತ್ತಿ ಉಜ್ಜಿ ಹಾಕಿದ. ಈಗ ಹದಿನೆಂಟಕ್ಕೇ ನಿಂತಿತು. ಸುತ್ತ ಇಪ್ಪತ್ತು ಜನ ನೋಡುತ್ತಿದ್ದರು.

"ಏನಾತೋ ಮಾಸ್ತರ?" ಎಂದ ಮಾಲೀಕ ಹುಲುಗಪ್ಪ.

ಗೊತ್ತಿಲ್ಲ ಅನ್ನಬಹುದಿತ್ತು. ನಾಲಿಗೆ ಹೊರಳಲಿಲ್ಲ. "ಹಾರ್ಡ್ ಡಿಸ್ಕ್ ಹೋಗೇತ್ರಿ ಸಾವ್ಕಾರ್ರ. ದಿನಾ ಶಟ್‌ಡೌನ್ ಮಾಡದ ಸ್ವಿಚ್ ಕಿತ್ತು ಬಂದ್ ಮಾಡಿದ್ರ ಇನ್ನೇನಾಗತೈತಿ?" ಎಂದುಬಿಟ್ಟ.

ಎಲ್ಲರ ಕಣ್ಣೂ ನಾಗರತ್ನಳ ಕಡೆ ತಿರುಗಿದವು. ಅವಳು ಬಾಯಿ ತೆರೆದಳು, ಭೀಮೇಶನ ಕೈಯ ಚಿಂದಿ ನೋಡಿದಳು, ಬಾಯಿ ಮುಚ್ಚಿಕೊಂಡಳು.

"ನಾಳಿಂದ ದಾರ ಕತ್ತರಿಸಾಕ ಕುಂದ್ರವ್ವ. ಮಿಷಿನ್ನಿನ ಕಿಮ್ಮತ್ತು ಗೊತ್ತಿಲ್ಲದವರಿಗೆ ಕುರ್ಚಿ ಯಾಕ?" ಎಂದ ಹುಲುಗಪ್ಪ.

ಮರುದಿನ ಭೀಮೇಶ ಸಿ.ಪಿ.ಯು. ಡಬ್ಬಾ ಹೊತ್ತುಕೊಂಡು ಬಸ್ ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ಅಂಗಡಿಗೆ ಹೋದ. ಅಂಗಡಿಯ ಗೋವರ್ಧನ್ ಸಿ.ಡಿ.ಯನ್ನು ಬಿಸಿಲಿಗೆ ಹಿಡಿದು, ಮೈತುಂಬ ಗೀರು ಕಂಡು ನಕ್ಕ. "ಇದರ ಮ್ಯಾಲ ಹೊಲದಾಗಿನಂಗ ಕುಂಟಿ ಹೊಡದೀರೇನ್ರಿ?" ತನ್ನದೊಂದು ಸಿ.ಡಿ. ಹಾಕಿದ. ಅದೇ ಹಳೇ ಹಾರ್ಡ್ ಡಿಸ್ಕು. ಹಳದಿ ಪಟ್ಟಿ ಹದಿನೆಂಟು ದಾಟಿತು, ಅರವತ್ತೊಂದು ದಾಟಿತು, ನೂರು ಮುಟ್ಟಿತು. ಭೀಮೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯುನಿಟ್ಟಿಗೆ ಮರಳಿದರೆ ಹುಲುಗಪ್ಪ ಬೆನ್ನು ತಟ್ಟಿದ. "ಭಲೆ ಮಾಸ್ತರ! ಸತ್ತಿದ್ದನ್ನ ಎಬ್ಬಿಸಿಬಿಟ್ಟಿ!" ಆ ಶಭಾಷ್‌ಗಿರಿಗಿಂತ ನಾಲ್ಕು ಏಟು ಹೊಡೆದಿದ್ದರೆ ವಾಸಿಯಿತ್ತು. ತಲೆ ತಗ್ಗಿಸಿ ಮೂಲೆಗೆ ಹೋಗಿ, ನೆಲದ ಮೇಲೆ ಕೂತಿದ್ದ ನಾಗರತ್ನಳ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು ಪಿಸುಗುಟ್ಟಿದ: "ತಪ್ಪು ನಿಂದಲ್ಲವ್ವ. ಚಿಂದಿಲೆ ಒರಸಿ ಸಿ.ಡಿ. ನಾನ ಕೆಡಿಸಿದ್ದೆ."

ಅವಳ ಕತ್ತರಿ ನಿಲ್ಲಲಿಲ್ಲ. "ಗೊತ್ತೈತ್ರಿ. ಕಂಪ್ಯೂಟರ್ ಬಂದ್ ಮಾಡಾಕ ನಂಗ ಬರತೈತಿ. ಅಷ್ಟು ಮಂದಿಯೊಳಗ ನಿಮ್ಮ ಮರ್ಯಾದಿ ತೆಗಿಬಾರದಂತ ಸುಮ್ನಿದ್ದೆ. ನನ್ನ ಮರ್ಯಾದಿ ಮಾತ್ರ ಎಲ್ಲರ ಮುಂದ ತೆಗದ್ರಿ, ಈಗ ಕಿವ್ಯಾಗ ಬಂದು ಹೇಳ್ತೀರಿ?"

ಭೀಮೇಶ ತಟ್ಟನೆ ಎದ್ದ. ಐವತ್ತು ಮಿಷಿನ್ನಿನ ಸದ್ದಿನಲ್ಲಿ ಯಾರಿಗೇನು ಕೇಳಬೇಕು? ಸೀದಾ ಹೋಗಿ ಮೇನ್ ಸ್ವಿಚ್ ಎಳೆದ. ಸೂಜಿಗಳು ಇದ್ದಲ್ಲೇ ನಿಂತವು.

"ಸಾವ್ಕಾರ್ರ, ಹಾರ್ಡ್ ಡಿಸ್ಕ್ ಕೆಟ್ಟಿರಲಿಲ್ರಿ. ಸಿ.ಡಿ. ಕೆಡಿಸಿದವ ನಾನು. ಈ ಹುಡುಗಿ ಮ್ಯಾಲ ಸುಳ್ಳು ಹೊರಿಸಿದೆ." ಯಾರೋ ಕಿಸಕ್ಕನೆ ನಕ್ಕರು.

"ಥೂ, ಇಷ್ಟ ಏನೋ ನಿನ್ನ ಇಂಜಿನಿಯರಿಕಿ!" ಎಂದ ಹುಲುಗಪ್ಪ. ನಾಗರತ್ನಳ ಕಡೆ ನೋಡಲಾಗದೆ ಕುರ್ಚಿಯತ್ತ ಕೈ ತೋರಿಸಿದ.

ಅವಳು ಮಡಿಲಿನ ದಾರ ಕೊಡವಿ ಎದ್ದಳು. ಭೀಮೇಶನನ್ನು ದಾಟಿ ಹೋಗುವಾಗ ಒಂದು ಗಳಿಗೆ ನಿಂತಳು.

"ಮೇನ್ ಹಾಕ್ರಿ ಮಾಸ್ತರ. ನಿನ್ನಿ ಕೆಲಸ ಬಾಕಿ ಐತಿ."