ಗೌತಮನನ್ನು ನೋಡಲು ಬಂದ ಅಣ್ಣಂದಿರು

ನಮ್ಮ ಒಬ್ಬನೇ ಮಗ ಗೌತಮನಿಗೆ ಅಣ್ಣಂದಿರು ಬೇಕಾಗಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಆಗಸ್ಟ್ ಕೊನೆಯ ವಾರ, ಅವನ ಹಾಸಿಗೆ ದಿಂಬುಗಳನ್ನು ಕಾರಿನ ಡಿಕ್ಕಿಗೆ ತುರುಕುತ್ತಿದ್ದಾಗ. ಟೊರಾಂಟೊ ಡೌನ್‌ಟೌನಿನ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು, ಅಲ್ಲಿನ ಹಾಸ್ಟೆಲಾದ ರೆಸಿಡೆನ್ಸಿನಲ್ಲಿ ರೂಮೂ ಸಿಕ್ಕಿತ್ತು. ಇನ್ನೇನು ಬೇಕು ಅಂದುಕೊಂಡರೆ, ಫ್ರಟರ್ನಿಟಿ ಸೇರಬೇಕಂತೆ.

"ಇಟ್ಸ್ ಎ ಬ್ರದರ್‌ಹುಡ್, ಅಮ್ಮಾ. ಫಾರ್ ಲೈಫ್," ಎಂದ.

ಅವನು ವಿವರಿಸಿದ ಮೇಲೆ ನನಗೆ ತಿಳಿದದ್ದು ಇಷ್ಟು. ಒಂದು ಹಳೆಯ ಮನೆ, ಅದರ ಬಾಗಿಲ ಮೇಲೆ ಮೂರು ಗ್ರೀಕ್ ಅಕ್ಷರ, ಒಳಗೆ ಮೂವತ್ತು ಹುಡುಗರು. ಸೆಪ್ಟೆಂಬರಿನಲ್ಲಿ ಎರಡು ವಾರ ಇವರು ಹೊಸ ಹುಡುಗರನ್ನು ಕರೆಸಿ, ಮಾತಾಡಿಸಿ, ಪಿಜ್ಜಾ ತಿನ್ನಿಸಿ, ಅಳೆದು ತೂಗಿ, ಕೊನೆಗೆ ಬೇಕಾದವರಿಗೆ ಮಾತ್ರ ‘ಬಿಡ್’ ಎಂಬ ಕಾಗದ ಕೊಡುತ್ತಾರೆ. ಕಾಗದ ಸಿಕ್ಕವನು ಜನ್ಮಪೂರ್ತಿ ತಮ್ಮ, ಸಿಗದವನು ದಾರಿಹೋಕ. ಯೂನಿವರ್ಸಿಟಿಯವರು ಮಾತ್ರ ಈ ಮನೆಗೂ ತಮಗೂ ಯಾವ ಸಂಬಂಧವೂ ಇಲ್ಲ ಎಂದು ವೆಬ್‌ಸೈಟಿನಲ್ಲಿ ಬರೆದು ಕೈತೊಳೆದುಕೊಂಡಿದ್ದರು.

ಹುಚ್ಚಾಟ ಬಿಡು ಅನ್ನಬಹುದಿತ್ತು. ಅನ್ನಲಿಲ್ಲ. ನನ್ನ ಮಗನಿಗೆ ಗೆಳೆಯರಿರಲಿಲ್ಲ. ಹೈಸ್ಕೂಲಿನ ನಾಲ್ಕು ವರ್ಷ ಅವನ ಫೋನು ರಿಂಗಾದದ್ದು ನಾನೇ ಮಾಡಿದಾಗ ಮಾತ್ರ. ಹುಟ್ಟುಹಬ್ಬಕ್ಕೆ ನಮ್ಮ ಕನ್ನಡದವರ ಮಕ್ಕಳು ಬರುತ್ತಿದ್ದರು. ಅಪ್ಪ ಅಮ್ಮ ಎಳೆದುಕೊಂಡು ಬಂದದ್ದು ಅವರ ಮುಖದ ಮೇಲೇ ಕಾಣುತ್ತಿತ್ತು. ಹುಡುಗನಿಗೆ ಒಬ್ಬನಾದರೂ ಜೊತೆಯವನು ಸಿಗಲಿ, ಕಾಗದ ಕೊಟ್ಟೋ ಪಿಜ್ಜಾ ತಿನ್ನಿಸಿಯೋ ಹೇಗಾದರೂ ಸಿಗಲಿ ಎಂಬುದಷ್ಟೇ ನನಗಿದ್ದ ಆಸೆ.

ನನ್ನ ಗಂಡ ವೀರಭದ್ರಪ್ಪನವರಿಗೆ ವಿಷಯ ಒಂದೇ ನಿಮಿಷದಲ್ಲಿ ಅರ್ಥವಾಯಿತು. ಹುಬ್ಬಳ್ಳಿಯವರು. ಇಲ್ಲಿ ಬರ್ಲಿಂಗ್ಟನ್ನಿನ ಒಂದು ವಾಲ್ವ್ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸ, ಅದು ಹೊಟ್ಟೆಪಾಡು. ನಿಜವಾದ ಉದ್ಯೋಗ ನಮ್ಮ ಜನರಲ್ಲಿ ಗಂಡುಹೆಣ್ಣು ಕೂಡಿಸುವುದು. ಇದುವರೆಗೆ ಹನ್ನೊಂದು ಮದುವೆ ಮಾಡಿಸಿದ್ದಾರೆ, ಅದರಲ್ಲಿ ಒಂಬತ್ತು ಇನ್ನೂ ನಡೆಯುತ್ತಿವೆ.

"ಅಂದ್ರ ಇದು ಸಂಬಂಧ ಕುದುರ್ಸೋ ಕೆಲಸ," ಎಂದರು. "ಮೊದಲ ಹೇಳಬಾರದೇನು? ನನಗ ಬಿಡ್ರಿ."

ಅಂದು ಸಂಜೆಯೇ ಮಗನ ಬಯೋಡಾಟಾ ತಯಾರಾಯಿತು. ಎತ್ತರ ಐದು ಒಂಬತ್ತು, ಬಣ್ಣ ಗೋಧಿ, ಮನೆತನ ಪ್ರತಿಷ್ಠಿತ, ಸೋದರಮಾವ ಧಾರವಾಡದಲ್ಲಿ ಪ್ರೊಫೆಸರ್. ಕೊನೆಯ ಸಾಲು ದಪ್ಪ ಅಕ್ಷರದಲ್ಲಿ: ಹುಡುಗ ಸಂಪೂರ್ಣ ನಿರ್ವ್ಯಸನಿ, ಬಿಯರ್ ಸಹ ಮುಟ್ಟುವುದಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಫ್ರಟರ್ನಿಟಿಯವರಿಗೆ ಕೊಡುತ್ತೇನೆ ಎಂದು ಅಪ್ಪ ಅಂದಾಗ ಗೌತಮ ತಲೆ ಮೇಲೆ ಕೈ ಹೊತ್ತು ಕೂತ.

ಎರಡನೆಯ ವಾರಕ್ಕೆ ವೀರಭದ್ರಪ್ಪನವರಿಗೆ ಅಷ್ಟೂ ಸಾಲಲಿಲ್ಲ. "ಹುಡುಗನ್ನ ಅವರು ನೋಡ್ಯಾರ. ಮನಿ ನೋಡಬ್ಯಾಡೇನು? ಮನಿತನ ನೋಡ್ಲಾರ್ದ ಯಾರರ ಒಪ್ತಾರ?" ಎಂದು ಮಗನಿಗೆ ಹೇಳದೆ, ಕೇಳದೆ, ಫ್ರಟರ್ನಿಟಿಯ ಪೋಸ್ಟರಿನಲ್ಲಿದ್ದ ವಿಳಾಸಕ್ಕೆ ಈಮೇಲ್ ಕಳಿಸಿಬಿಟ್ಟರು: ಶನಿವಾರ ಮಧ್ಯಾಹ್ನ ನಮ್ಮ ಬಡಮನೆಗೆ ಊಟಕ್ಕೆ ದಯಮಾಡಿಸಬೇಕು. ಆ ಕಡೆಯಿಂದ ನಾಲ್ಕು ನಿಮಿಷದಲ್ಲಿ ಉತ್ತರ ಬಂತು. ಮೂವರು ಬರುತ್ತೇವೆ, ಯಾವ ಟ್ರೇನ್ ಹತ್ತಬೇಕು? ಬಿಟ್ಟಿ ಊಟಕ್ಕೆ ಯಾವ ದೇಶದ ಹುಡುಗರೂ ಒಂದೇ. ಸುದ್ದಿ ಕೇಳಿದ ಗೌತಮ ಫೋನಿನಲ್ಲಿ ಎರಡು ಸಲ ‘ನೋ’ ಎಂದ. ಆಮೇಲೆ, "ಓಕೆ, ಬಟ್ ಸುಮುಖನೂ ಬರ್ತಾನ. ಐ ನೀಡ್ ಹಿಮ್ ದೇರ್," ಎಂದ.

ಸುಮುಖ್ ಯಾರೆಂದು ನಮಗೆ ಗೊತ್ತಾದದ್ದು ಶನಿವಾರ ಬೆಳಿಗ್ಗೆ, ಗೌತಮನ ಜೊತೆ ಬಂದಾಗ. ಬೆಳಗಾವಿಯ ಹುಡುಗ, ಓದಲೆಂದು ಊರಿನಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ಗೌತಮನ ಕ್ಲಾಸು. ರೆಕ್ಸ್‌ಡೇಲಿನ ಒಂದು ಬೇಸ್‌ಮೆಂಟಿನಲ್ಲಿ ಇನ್ನೈವರ ಜೊತೆ ಇರುತ್ತಾನೆ, ವಾರಕ್ಕೆ ಮೂರು ಸಂಜೆ ವೇರ್‌ಹೌಸಿನಲ್ಲಿ ಶಿಫ್ಟು ಮಾಡುತ್ತಾನೆ. ಫ್ರಟರ್ನಿಟಿ ಗಿಟರ್ನಿಟಿ ಅವನಿಗೆ ಬೇಕಿರಲಿಲ್ಲ, ರೊಟ್ಟಿ ಬೇಕಿತ್ತು.

ಬಂದ ಹತ್ತು ನಿಮಿಷಕ್ಕೆ ಅವನು ನನ್ನ ಒಲೆಯ ಮುಂದೆ ನಿಂತಿದ್ದ. ನಾನು ರೊಟ್ಟಿ ಬಡಿದರೆ ಅವನು ಮಗುಚಿ ಹಾಕುತ್ತಿದ್ದ. ತನ್ನ ಪಂಜಾಬಿ ಮನೆ ಮಾಲೀಕ ಕನ್ನಡ ಕಲಿಯಲು ಹೊರಟ ಕತೆಯನ್ನು ಅವನದೇ ದನಿ ಮಾಡಿ ಹೇಳುತ್ತಿದ್ದರೆ ನನಗೆ ಹಿಟ್ಟಿನ ಕೈಯಲ್ಲೇ ಕಣ್ಣೀರು ಒರೆಸಿಕೊಳ್ಳುವಷ್ಟು ನಗು. ಗೌತಮ ಫ್ರಿಜ್ಜಿಗೆ ಒರಗಿ ಹೊಟ್ಟೆ ಹಿಡಿದು ನಗುತ್ತಿದ್ದ. ಮಗ ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ.

ಇದೆಲ್ಲವನ್ನೂ ವೀರಭದ್ರಪ್ಪನವರು ಬಾಗಿಲಲ್ಲಿ ನಿಂತು, ವಾಲ್ವು ಪರೀಕ್ಷಿಸುವ ಮುಖ ಮಾಡಿಕೊಂಡು ನೋಡುತ್ತಿದ್ದರು. ಆಮೇಲೆ ನನ್ನನ್ನು ಗರಾಜಿಗೆ ಕರೆದರು.

"ಗಿರಿಜಾ, ಈ ಹುಡುಗನ ಮುಂದ ನಮ್ಮ ಗೌತಮ ಮಂಕ ಕಾಣ್ತಾನ. ಅವರು ಬರೂದ್ರೊಳಗ ಇವನ್ನ ಎಲ್ಲ್ಯಾರ ಸರಿಸು."

"ಅವ ಊಟಕ್ಕ ಬಂದಾನ್ರೀ. ಗೌತಮನ ಕರದಾನ."

"ನಾ ನಿಮ್ಮ ಮನಿಗೆ ಯಾರನ್ನ ನೋಡಾಕ ಬಂದಿದ್ದೆ?"

ನಾನು ಕೈಗೆ ಹತ್ತಿದ ಹಿಟ್ಟು ಉದುರಿಸಿದೆ.

"ನಿಮ್ಮಕ್ಕ ಜಯಶೀಲಾನ ನೋಡಾಕ ಬಂದಿದ್ದೆ. ಯಾರನ್ನ ಮಾಡ್ಕೊಂಡೆ? ಅದಕ್ಕ ಹೇಳಾಕತ್ತೀನಿ."

ನಮ್ಮ ಕಡೆ ಅಕ್ಕನನ್ನು ನೋಡಲು ಗಂಡಿನವರು ಬರುವ ದಿನ ತಂಗಿಯನ್ನು ಪಕ್ಕದ ಮನೆಗೆ ಕಳಿಸುತ್ತಾರೆ. ನೋಡಲು ಬಂದವರ ಕಣ್ಣು ಎತ್ತ ಹರಿಯುತ್ತದೋ ಹೇಳಲಾಗುವುದಿಲ್ಲವಲ್ಲ. ನಮ್ಮವ್ವನೂ ನನ್ನನ್ನು ಕಳಿಸಿದ್ದಳು. ಆದರೆ ಈ ಮಹಾರಾಯರು ಚಪ್ಪಲಿ ಬಿಡುವಾಗಲೇ ಪಕ್ಕದ ಮನೆಯ ಕಟ್ಟೆಯ ಮೇಲೆ ನಾನು ಶೇಂಗಾ ಒಡೆಯುತ್ತ ಕೂತದ್ದನ್ನು ನೋಡಿಬಿಟ್ಟರು. ಅಕ್ಕ ನನ್ನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದಳು. ಆಮೇಲೆ ಅವಳಿಗೂ ಒಳ್ಳೆಯ ಮನೆ ಸಿಕ್ಕಿತು, ಆದರೂ ಇವರು ಇಂದಿಗೂ ಅವಳ ಮನೆಯಲ್ಲಿ ತಲೆಯೆತ್ತಿ ಊಟ ಮಾಡುವುದಿಲ್ಲ.

ಇಂಥ ಅನುಭವಸ್ಥರು ಹೇಳುವಾಗ ಇಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ನನ್ನ ಮಗನ ಎರಡು ವಾರದ ಓಡಾಟ ಕಣ್ಣ ಮುಂದೆ ಬಂತು. ತಪ್ಪು ಅಂತ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಅತಿಥಿಗಳನ್ನು ಕರೆತರಲು ಅಪ್ಪ ಮಗ ಇಬ್ಬರೂ ಗೋ ರೈಲಿನ ಸ್ಟೇಷನ್ನಿಗೆ ಹೋದಾಗ ನಾನು ಒಂದು ತಟ್ಟೆಗೆ ಎರಡು ರೊಟ್ಟಿ, ಎಣ್ಣೆಗಾಯಿ, ಎರಡು ಶೇಂಗಾ ಹೋಳಿಗೆ ಹಾಕಿ ಸುಮುಖನ ಕೈಗೆ ಕೊಟ್ಟೆ.

"ತಮ್ಮಾ, ಕೆಳಗ ಬೇಸ್‌ಮೆಂಟಿನ್ಯಾಗ ಟೀವಿ ಐತಿ. ಮ್ಯಾಚ್ ನೋಡ್ಕೊಂತ ಆರಾಮ ಉಣ್ಣು. ಇದು ಗೌತಮನ ಇಂಟರ್‌ವ್ಯೂ ಇದ್ದಂಗ. ಬ್ಯಾರೇದವರು ಕುಂತ್ರ ಅವಂಗ ಸಂಕೋಚ ಆಗ್ತೈತಿ."

ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ. "ಹೂಂ ಬಿಡ್ರಿ ಕಾಕು, ಅದಕ್ಕೇನಾತು," ಎಂದು ತಟ್ಟೆ ಹಿಡಿದು ಇಳಿದು ಹೋದ. ಪಾಪ, ಇರುವುದೂ ಬೇಸ್‌ಮೆಂಟಿನಲ್ಲಿ, ನೆಂಟರ ಮನೆಗೆಂದು ಬಂದರೆ ಅಲ್ಲೂ ಬೇಸ್‌ಮೆಂಟೇ. ಗೌತಮ ಬಂದು ಕೇಳಿದಾಗ, ಅವನೇ ಮ್ಯಾಚ್ ನೋಡಬೇಕೆಂದು ಕೆಳಗೆ ಹೋದ ಅಂದೆ.

ಬಂದ ಮೂವರಲ್ಲಿ ಅಧ್ಯಕ್ಷನ ಹೆಸರು ಕಾನರ್. ಉದ್ದಕ್ಕೆ ಬೆಳೆದ, ವಿನಯವಂತ ಹುಡುಗ. ಹಸಿಮೆಣಸಿನಕಾಯಿ ಖಾರ ತಿಂದು ಟೊಮೆಟೊ ಹಣ್ಣಿನ ಬಣ್ಣಕ್ಕೆ ತಿರುಗಿದರೂ ತಟ್ಟೆ ಬಿಡಲಿಲ್ಲ. ಇನ್ನಿಬ್ಬರು ಹೋಳಿಗೆಯನ್ನು ಮೂರು ಮೂರು ಸಲ ಹಾಕಿಸಿಕೊಂಡರು. ನಮ್ಮ ಯಜಮಾನರು ನನ್ನತ್ತ ನೋಡಿ ಹುಬ್ಬು ಹಾರಿಸಿದರು. ನೋಡಲು ಬಂದವರು ಒಪ್ಪಿಗೆಯಾಗದೆ ಸಿಹಿ ಊಟ ಮಾಡುವುದಿಲ್ಲ ಎಂಬುದು ನಮ್ಮ ಕಡೆಯ ಲೆಕ್ಕ. ಅದು ಕಾನರನಿಗೂ ಗೊತ್ತಿರಬೇಕು ಎಂದು ಇವರು ನಂಬಿದ್ದರು.

ಊಟ ಮುಗಿದ ಮೇಲೆ ಇವರು ಬಯೋಡಾಟಾ ತೆಗೆದು ಓದತೊಡಗಿದರು. ಬಣ್ಣದ ತನಕ ಬಂದಾಗ ಒಬ್ಬ ಹುಡುಗ ಬಾತ್‌ರೂಮ್ ಎಲ್ಲಿ ಎಂದು ಕೇಳಿದ. ಮೇಲಿನದು ರಿಪೇರಿಗೆ ಬಂದಿತ್ತು. ಕೆಳಗೆ ಹೋದವನು ಹಿಂತಿರುಗಲಿಲ್ಲ. ಮನೆತನದ ಹೊತ್ತಿಗೆ ಎರಡನೆಯವನು ಅವನನ್ನು ಕರೆತರುತ್ತೇನೆಂದು ಇಳಿದ. ಅವನೂ ಬರಲಿಲ್ಲ. ಕೆಳಗಿನಿಂದ ಕೇರಂ ಬೋರ್ಡಿನ ಟಕಟಕ, ಆಮೇಲೆ ಜೋರು ನಗು. ಆ ಪಂಜಾಬಿ ಮಾಲೀಕನ ಕತೆಯೇ, ಈಗ ಇಂಗ್ಲಿಷಿನಲ್ಲಿ. ನಿರ್ವ್ಯಸನಿ ಎಂಬ ದಪ್ಪ ಅಕ್ಷರ ಬರುವಷ್ಟರಲ್ಲಿ ಅಧ್ಯಕ್ಷರೂ ಕ್ಷಮೆ ಕೇಳಿ ಎದ್ದರು.

ಗೌತಮ ಕುರ್ಚಿಯ ತುದಿಗೆ ಸರಿದ. "ಶುಡ್ ಐ ಗೋ ಡೌನ್ ಟೂ?"

"ನೀ ಕೂಡ್ರು," ಎಂದರು ಅಪ್ಪ. "ನೋಡಾಕ ಬಂದವರ ಹಿಂದ ಓಡಿದ್ರ ಹಗುರ ಆಗ್ತೀವಿ."

ಮಗ ಕೂತ. ಒಂದು ಗಂಟೆ ಕೂತ. ಅಣ್ಣಂದಿರೆಲ್ಲ ಕೆಳಗೆ, ತಮ್ಮನಾಗಬೇಕಾದವನು ಮೇಲೆ, ಅಪ್ಪ ಅಮ್ಮನ ನಡುವೆ. ನೀನೂ ಇಳಿದು ಹೋಗು ಎಂದು ನಾನು ಹೇಳಲಿಲ್ಲ. ಹೋಗಿದ್ದರೆ ನನ್ನ ಸುಳ್ಳೂ ಹೊರಬೀಳುತ್ತಿತ್ತು.

ಎಲ್ಲರನ್ನೂ ಟ್ರೇನ್ ಹತ್ತಿಸಿ ಬಂದ ವೀರಭದ್ರಪ್ಪನವರು ಶೂ ಸಹ ಬಿಚ್ಚದೆ ವಿಟ್ಬಿಯಲ್ಲಿರುವ ಗೆಳೆಯ ಹೊನ್ನಪ್ಪನವರಿಗೆ ಫೋನ್ ಹಚ್ಚಿದರು. "ಹೋಳಿಗಿ ಉಂಡು ಹೋಗ್ಯಾರಪಾ. ಮುಗಿದಂಗ. ಇನ್ನ ಕಾಗದ ಬರೂದೊಂದು ಬಾಕಿ." ಭಾನುವಾರದ ಕನ್ನಡ ಸಂಘದ ಸಭೆಯಲ್ಲಿ ಎಲ್ಲರಿಗೂ ಪೇಡೆ ಹಂಚಿದರು. ಏನು ಸಂತೋಷ ಎಂದು ಕೇಳಿದವರಿಗೆ ಮಗನಿಗೆ ದೊಡ್ಡ ಮನೆತನದಲ್ಲಿ ಮೂವತ್ತು ಜನ ಅಣ್ಣಂದಿರು ಸಿಕ್ಕಿದ್ದಾರೆ ಎಂದರು. ಅವರಿಗೆ ಏನು ಅರ್ಥವಾಯಿತೋ, ಪೇಡೆಯನ್ನಂತೂ ತಿಂದರು.

ಶುಕ್ರವಾರ ಗೌತಮ ಹೇಳದೆ ಕೇಳದೆ ಮನೆಗೆ ಬಂದ. ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು.

"ದೇ ಪಿಕ್ಡ್ ಸುಮುಖ್," ಎಂದ. "ನಾಟ್ ಮೀ."

ಇವರು ಕುರ್ಚಿಯಿಂದ ಎದ್ದೇಬಿಟ್ಟರು. "ನಮ್ಮನಿ ಹೋಳಿಗಿ ಉಂಡು ಅವನ್ನ ಆರಿಸಿದ್ರಾ? ನಾ ಹೇಳಿರ್ಲಿಲ್ಲಾ ಗಿರಿಜಾ? ಅವನ್ನ ಮನಿಯಿಂದನ ಹೊರಗ ಕಳಸಬೇಕಿತ್ತು! ಬೇಸ್‌ಮೆಂಟ್ ಸಾಕಾಗಲಿಲ್ಲ!"

ಗೌತಮ ಅಪ್ಪನನ್ನು ನೋಡಲಿಲ್ಲ. ನನ್ನನ್ನು ನೋಡಿದ.

"ಬಿಡ್ ಹೋದ್ರ ಹೋಗ್ಲಿ, ಅಮ್ಮಾ. ಐ ಡೋಂಟ್ ಕೇರ್. ಬಟ್ ಸುಮುಖ್ ಈಗ ನನ್ನ ಬಾಜೂಕ ಕೂಡ್ರೂದಿಲ್ಲ. ವೈ ಅಂತ ಕೇಳ್ದೆ. ‘ನಾ ಕುಂತ್ರ ನಿನಗ ಸಂಕೋಚ ಆಗ್ತೈತಂತಲ್ಲಾ, ಅದಕ್ಕ’ ಅಂದ. ಐ ನೆವರ್ ಸೆಡ್ ದಟ್. ಯಾರು ಹೇಳಿದ್ರು?"

ಇವರು ಗೋಡೆ ನೋಡುತ್ತ ನಿಂತರು.

"ನಾನ ಹೇಳಿದ್ದು," ಎಂದೆ.

ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಬ್ಯಾಗು ಕೆಳಗಿಟ್ಟು ಅದರ ಪಕ್ಕದಲ್ಲೇ ನಿಂತ. ಗೆಳೆಯರಿಲ್ಲದ ಮಗನಿಗೆ ಗೆಳೆಯರನ್ನು ಹುಡುಕಿಕೊಡಲು ಹೊರಟು, ಇದ್ದ ಒಬ್ಬನನ್ನು ನಾನೇ ಕೈಗೆ ತಟ್ಟೆ ಕೊಟ್ಟು ಮೆಟ್ಟಿಲು ಇಳಿಸಿದ್ದೆ. ಅಂದು ಬೆಳಿಗ್ಗೆ ಅವರಿಬ್ಬರ ನಗು ಕಿವಿಯಾರೆ ಕೇಳಿದ ಮೇಲೂ ನನಗೆ ಅದು ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ನಂಬರ್ ಕೊಡು. ನಾನ ಫೋನ್ ಮಾಡಿ ಹೇಳ್ತೀನಿ, ತಪ್ಪು ನಂದು ಅಂತ."

"ಡೋಂಟ್. ಅವ ಓಕೆ ಅಂತಾನ. ಎಲ್ಲಾದಕ್ಕೂ ಓಕೆ ಅಂತಾನ."

ಆದರೂ ಹಟ ಮಾಡಿ ನಂಬರ್ ಪಡೆದು ಅಲ್ಲೇ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಗೌತಮನಿಗೆ ಏನೂ ಗೊತ್ತಿರಲಿಲ್ಲ ಅಂದೆ, ಕ್ಷಮಿಸು ತಮ್ಮಾ ಅಂದೆ. ಸುಮುಖ್ ಕೊನೆಯ ತನಕ ಕೇಳಿದ.

"ಅಯ್ಯ, ಅದೇನ ಮನಸಿಗೆ ಹಚ್ಕೋಬ್ಯಾಡ್ರಿ ಕಾಕು," ಎಂದ. ಬಹಳ ಮರ್ಯಾದೆಯಿಂದ ಮಾತಾಡಿದ. ಎಣ್ಣೆಗಾಯಿ ಚಲೋ ಆಗಿತ್ತು ಅಂದ. ಕಾಕಾ ಆರಾಮ ಅದಾರಲ್ಲರೀ ಎಂದು ಕೇಳಿದ. ಬೇಸ್‌ಮೆಂಟ್ ಬಿಟ್ಟು ಆ ಹುಡುಗರ ಮನೆಗೆ ಹೋಗುತ್ತಿದ್ದಾನಂತೆ, ಅಲ್ಲಿ ರೂಮಿಗೆ ಕಿಟಕಿ ಇದೆಯಂತೆ. ಗೌತಮನ ಸುದ್ದಿ ಮಾತ್ರ ಎತ್ತಲಿಲ್ಲ. ಶಿಫ್ಟಿಗೆ ಹೊತ್ತಾಯಿತೆಂದು ಫೋನಿಟ್ಟ.

ಮಗ ಎದುರಿಗೇ ನಿಂತಿದ್ದ.

"ವಾಟ್ ಡಿಡ್ ಹಿ ಸೇ?"

"ಓಕೆ ಅಂದ," ಎಂದೆ.