ಒಂಬತ್ತು ಪಾದ

ಎರ್ರಿಯಪ್ಪ ಬಾಯಲ್ಲಿ ಕಚ್ಚಿಕೊಂಡಿದ್ದ ದಾರವನ್ನು ಕೈಗೆ ತಗೊಂಡು ಹೆಣದ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೊಣಕಾಲ ಮೇಲೆ ಹೊದಿಸಿದ್ದ ಬಿಳಿಬಟ್ಟೆ ಸರಿಸಿದ. ಸರಿಸಿದವನು ಹಿಂದಕ್ಕೆ ಕುಸಿದು ಅಂಗೈ ಊರಿದ.

"ಪಾದ ಎಲ್ಲಿ ಅದಾವಪ್ಪೋ?"

ಪಾದ ಇರಬೇಕಾದ ಕಡೆ ಎರಡು ಪ್ಲಾಸ್ಟಿಕ್ ಗಂಟುಗಳಿದ್ದವು. ಆಸ್ಪತ್ರೆಯವರು ಸುತ್ತಿ ಸುತ್ತಿ ಬಿಗಿದು ಕಳಿಸಿದ್ದರು. ಒಂದರ ತಳದಲ್ಲಿ ಕಪ್ಪು ನೀರು ನಿಂತಿತ್ತು. ಗಂಟಿನ ಮೇಲಿನ ನೊಣಗಳು ಎದ್ದು ಮತ್ತೆ ಅಲ್ಲೇ ಕೂತವು.

ದೊಡ್ಡಬಸಪ್ಪನನ್ನು ಮನೆಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ಜೋಲದಿರಲೆಂದು ಹಣೆಗೆ ಬಟ್ಟೆ ಕಟ್ಟಿ ಗೋಡೆಯ ಮೊಳೆಗೆ ಬಿಗಿದಿದ್ದರು. ವಿಭೂತಿ, ಹೂವಿನ ಹಾರ ಎಲ್ಲ ಆಗಿತ್ತು. ಹೂಳುವ ಗುಂಡಿಯೊಂದೇ ಬಾಕಿ ಇತ್ತು. ಚೋರನೂರಿನ ಅವರ ಮಂದಿಯಲ್ಲಿ ಸತ್ತವನ ಪಾದದಿಂದಲೇ ಗುಂಡಿ ಅಳೆಯುತ್ತಾರೆ. ಒಂಬತ್ತು ಪಾದ ಉದ್ದ, ಐದು ಪಾದ ಅಗಲ, ಒಂಬತ್ತು ಪಾದ ಆಳ. ಎರ್ರಿಯಪ್ಪ ಪಾದಕ್ಕೆ ದಾರ ಹಿಡಿದು ಎರಡು ಗಂಟು ಹಾಕಿಕೊಂಡು ಹೋಗಿ ತೋಡುವುದು ರೂಢಿ.

"ಟಿಪ್ಪರ್ ಹತ್ತೈತಿ ಅಂತ ಹೇಳಿದ್ನಲ್ಲ," ಎಂದ ಸತ್ತವನ ತಮ್ಮ ನಾಗೇಂದ್ರಪ್ಪ.

"ಹತ್ತೈತಿ ಅಂದ್ರಿ. ಒಂದೂ ಉಳಿದಿಲ್ಲ ಅನ್ಲಿಲ್ಲ."

"ಒಂದು ಗೇಣು ಹೆಚ್ಚಿಗಿ ತೋಡಲೇ. ದೊಡ್ಡದಾದ್ರ ಅವ ಎದ್ದು ಬಂದು ಕೇಳ್ತಾನೇನು?"

ಮಣ್ಣಿನ ಶಾಸ್ತ್ರ ಮಾಡಿಸಲು ಬಂದು ಬೇವಿನ ನೆರಳಲ್ಲಿ ಕೂತಿದ್ದ ಅಯ್ನಾರು ಕೂತಲ್ಲಿಂದಲೇ ಗದರಿದರು. "ಅಂದಾಜಿನ ಗುಂಡಿ ನಾಯಿಗೆ ತೋಡ್ತಾರ. ಹೆಚ್ಚಾದ ಜಾಗ ಮನಿಯಾಗಿನ ಇನ್ನೊಬ್ರನ್ನ ಕರೀತೈತಿ. ಕಡಿಮಿ ಆದ್ರ ಹೋದವ ಒಳಗ ನಿಲ್ಲಂಗಿಲ್ಲ. ಪಾದ ಅಂದ್ರ ಪಾದ."

ಅಳಿಯ ಕಿರಣ್ ಕುಮಾರ್ ಗಣಿಯೊಂದರಲ್ಲಿ ಸರ್ವೆ ಕೆಲಸ ಮಾಡುವವನು. ಗುಡ್ಡ ಎಷ್ಟು ಕರಗಿತು ಎಂಬುದನ್ನು ಮಿಷನ್ನಿನಲ್ಲಿ ನೋಡಿ ಹೇಳುತ್ತಿದ್ದ. ಅವನು ಮೆಲ್ಲಗೆ ಬಾಯಿ ಹಾಕಿದ. "ಮನುಷ್ಯನ ಎತ್ತರದಾಗ ಪಾದ ನೂರಕ್ಕ ಹದಿನೈದು ಇರ್ತೈತ್ರಿ. ಎತ್ತರ ಗೊತ್ತಾದ್ರ ಸಾಕು. ಒಂದಿಷ್ಟು ಹೆಚ್ಚುಕಡಿಮಿ ಬರ್ತೈತಿ, ನಡೀತೈತಿ."

"ಎತ್ತರ ಎಲ್ಲಿಂದ ಅಳೀತೀರಿ ಅಳಿಯಂದ್ರೇ?" ಎರ್ರಿಯಪ್ಪ ಗಂಟುಗಳತ್ತ ಗದ್ದ ಚಾಚಿದ. "ಕೆಳಗಿನದು ಮುಗದೈತಿ."

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು.

ಚೆನ್ನಬಸಮ್ಮ ಗಂಡನ ಪಕ್ಕದಲ್ಲಿ ಕೂತಿದ್ದಳು. ಹೆಣ ಬಂದಾಗಿನಿಂದ ಅತ್ತಿರಲಿಲ್ಲ. ಹೆಂಗಸರು ತೊಡೆ ಚಿವುಟಿ ಅಳಿಸಲು ನೋಡಿ ಸೋತಿದ್ದರು. ಅವಳು ಗಂಟುಗಳನ್ನು ನೋಡಿದಳು, ಅಯ್ನಾರನ್ನು ನೋಡಿದಳು.

"ಕಡಿಮಿ ಆದ್ರ ಒಳಗ ನಿಲ್ಲಂಗಿಲ್ಲೇನ್ರಿ?"

"ಇಲ್ಲವ್ವ."

"ಮತ್ತ ಮನಿಗೆ ಬರ್ತಾನೇನ್ರಿ?"

ಗಂಡನನ್ನು ಬಿಟ್ಟಿರಲಾರದೆ ಕೇಳುತ್ತಿದ್ದಾಳೆಂದು ಹೆಂಗಸರು ಸೆರಗಿಗೆ ಕಣ್ಣೊರೆಸಿಕೊಂಡರು. ಮಗಳು ಹೇಮಾ ಮಾತ್ರ ತಾಯಿಯ ಮುಖವನ್ನೇ ನೋಡುತ್ತಿದ್ದಳು.

*

ದೊಡ್ಡಬಸಪ್ಪನ ಕೆಲಸ ಕಣ್ಣಳತೆಯದು. ಸಂಡೂರಿನಾಚೆಯ ಅದಿರು ಯಾರ್ಡಿನಲ್ಲಿ ಟಿಪ್ಪರ್‌ಗಳು ಹಿಂದಕ್ಕೆ ಬರುವಾಗ ಹಿಂದೆ ನಿಂತು ಕೈಬೀಸುತ್ತಿದ್ದ. "ಬರ್ಲಿ, ಬರ್ಲಿ, ಬರ್ಲಿ, ಹೋಲ್ಡ್!" ಅವನು ಹೋಲ್ಡ್ ಅಂದರೆ ಗಾಲಿ ದಿಬ್ಬದ ಅಂಚಿನಿಂದ ಒಂದು ಮೊಳ ಈಚೆ ನಿಂತಿರುತ್ತಿತ್ತು. ಎಷ್ಟು ಕುಡಿದಿದ್ದರೂ ಆ ಮೊಳ ತಪ್ಪುತ್ತಿರಲಿಲ್ಲ.

ಹೇಮಾ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲ. ಒಂದು ಸಂಜೆ ಅವನು ಖುಷಿಯಲ್ಲಿ ಮನೆಗೆ ಬಂದ. ಗೋಡೆಗೂ ಲಾರಿಗೂ ನಡುವೆ ನಾಲ್ಕು ಬೆರಳು ಉಳಿಸಿ ನಿಲ್ಲಿಸಿದ್ದನ್ನು ಹೇಳುತ್ತ ಒಳಗೆ ಬರುವಾಗ ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿಯಿತು. ಸ್ವಂತ ಮನೆಯ ಬಾಗಿಲು.

ಚೆನ್ನಬಸಮ್ಮನಿಗೆ ನಗು ತಡೆಯಲಾಗಲಿಲ್ಲ. "ಲಾರಿಗಷ್ಟ ಏನು ನಿನ್ನ ಅಳತಿ?" ಅಂದಳು.

ಅವನೂ ನಕ್ಕ. ನಗುತ್ತಲೇ ಅವಳ ಜಡೆ ಕೈಗೆ ಸುತ್ತಿಕೊಂಡು ನೆಲಕ್ಕೆ ಕೆಡವಿದ. ಅವಳು ಬೋರಲು ಬಿದ್ದಳು. ಅವನು ಒಂಟಿ ಕಾಲಲ್ಲಿ ಅವಳ ಬೆನ್ನ ಮೇಲೆ ನಿಂತ. ಕಾಲಲ್ಲಿದ್ದದ್ದು ಟೈರಿನ ಚಪ್ಪಲಿ. ಹೊಲಿಯುವವನು ಪಾದವನ್ನು ಟೈರಿನ ಮೇಲಿಡಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೀಚಿ, ಆ ಗೀಟಿಗೇ ಕತ್ತರಿಸಿ ಕೊಟ್ಟ ಚಪ್ಪಲಿ. ಹೆಬ್ಬೆರಳ ತುದಿಗೊಂದು, ಹಿಮ್ಮಡಿಯ ತುದಿಗೊಂದು ಮೊಳೆ ಹೊಡೆದಿದ್ದ. ಸವೆದು ಸವೆದು ಎರಡೂ ಮೊಳೆಗಳು ಕೆಳಗೆ ಹೊರಬಂದಿದ್ದವು. ದೊಡ್ಡಬಸಪ್ಪ ಕೈ ಎರಡೂ ಚಾಚಿ, ಯಾರ್ಡಿನಲ್ಲಿ ಕೂಗುವಂತೆ, "ಬರ್ಲಿ, ಬರ್ಲಿ," ಎನ್ನುತ್ತ ಮೈಭಾರವನ್ನೆಲ್ಲ ಆ ಕಾಲಿಗೆ ಬಿಟ್ಟ. ಹೋಲ್ಡ್ ಅನ್ನಲಿಲ್ಲ.

ಸಂಡೂರಿನ ಆಸ್ಪತ್ರೆಯಲ್ಲಿ ನರ್ಸು ಬೆನ್ನು ನೋಡಿ ಕೇಳಿದಳು. "ಏನಾತು?"

"ಬಿದ್ದೆ."

"ಎರಡು ತೂತು ಅದಾವ. ಎರಡು ಸಲ ಬಿದ್ದಿಯೇನು?"

"ಹ್ಞೂಂ," ಅಂದಳು ಚೆನ್ನಬಸಮ್ಮ. ಹೊರಗೆ ದೊಡ್ಡಬಸಪ್ಪ ಬಾಳೆಹಣ್ಣು ಹಿಡಿದುಕೊಂಡು ನಿಂತಿದ್ದ.

ಚಪ್ಪಲಿಗಳನ್ನು ಅವಳು ಮರುದಿನವೇ ಒಲೆಗೆ ಹಾಕಿದಳು. ಟೈರಿನ ಹೊಗೆಗೆ ಓಣಿಯವರೆಲ್ಲ ಬೈದರು. ಅದಕ್ಕೂ ಅವನಿಂದ ಪೆಟ್ಟು ಬಿತ್ತು.

*

ಹೊತ್ತು ನೆತ್ತಿಗೇರಿದಾಗ ಹುಲಿಗೇಶ್ ಬಂದ. ಟಿಪ್ಪರಿನ ಡ್ರೈವರ್. ಒಂದು ಕೈಯಲ್ಲಿ ಹಾರ, ಇನ್ನೊಂದರಲ್ಲಿ ಒಂದು ಬೂಟು.

ಬಂದವನನ್ನು ನಾಗೇಂದ್ರಪ್ಪ ಮೆಟ್ಟಿಲ ಬಳಿಯೇ ಹಿಡಿದ. ಮೊದಲ ಏಟು ಕಿವಿಗೆ ಬಿತ್ತು. ಹಾರ ಹರಿಯಿತು.

"ನಮ್ಮಣ್ಣನ್ನ ಅರದು ಹಾರ ತಂದಿಯೇನಲೇ!"

"ಅಣ್ಣಾ, ಅವ್ನು ಬರ್ಲಿ ಅಂದ, ನಾ ಬಂದೆ! ಹೋಲ್ಡ್ ಅನ್ಲಿಲ್ಲ! ದೇವರಾಣಿ!"

ಎರಡನೇ ಏಟಿಗೆ ಹುಲಿಗೇಶನ ತುಟಿ ಸೀಳಿತು. ಕೆಳಗೆ ಬಿದ್ದ. ಇನ್ನಿಬ್ಬರು ಸೇರಿಕೊಂಡರು. ಅವನು ತಲೆಯನ್ನು ಮೊಳಕೈಗಳಲ್ಲಿ ಮುಚ್ಚಿಕೊಂಡು, ರಕ್ತ ಉಗುಳುತ್ತಲೇ ಹೇಳಿದ. "ಬೂಟು ಕೆಸರಾಗ ಸಿಕ್ಕಂತು ಅಣ್ಣಾ. ದೊಡ್ಡ ಬೂಟು. ಎಲ್ರಿಗೂ ಹತ್ತು ನಂಬರೇ ಕೊಡ್ತಾರ. ಮುಂದ ಅರಿವಿ ತುರುಕಿದ್ದ. ಕಾಲು ಎಳ್ಕಳಾಕ ಹೋಗಿ ಬಿದ್ದಾನ. ನನಗ ಕಾಣ್ಲಿಲ್ಲ."

ಬೂಟು ಎರ್ರಿಯಪ್ಪನ ಕಡೆ ಉರುಳಿತ್ತು. ಅವನು ಒಳಗೆ ಕೈ ಹಾಕಿ ಒಂದು ಹಿಡಿ ಅರಿವೆ ಎಳೆದ. ರಕ್ತ ಹೆಪ್ಪುಗಟ್ಟಿ ಚಿಂದಿ ಕಟ್ಟಿಗೆಯಂತಾಗಿತ್ತು. "ಇದು ಅಳತಿಗೆ ಬರಂಗಿಲ್ಲ," ಎಂದು ಬದಿಗಿಟ್ಟ.

"ಹಂಗಾರ ತಮ್ಮನ ಪಾದ ಅಳೀರಿ," ಎಂದರು ಅಯ್ನಾರು, ಬಿಸಿಲಿಗೆ ಬೇಸತ್ತು. "ಒಂದ ಹೊಟ್ಟಿಯಾಗ ಹುಟ್ಟಿದವ್ರು."

ನಾಗೇಂದ್ರಪ್ಪ ಆಗ ಹುಲಿಗೇಶನ ಬೆನ್ನ ಮೇಲೆ ಒದೆಯಲು ಬರಿಗಾಲು ಎತ್ತಿದ್ದ. ಚೆನ್ನಬಸಮ್ಮ ಆ ಅಂಗಾಲನ್ನೇ ನೋಡುತ್ತಿದ್ದಳು.

"ಅದು ಆಗಂಗಿಲ್ಲ. ಇವ್ನುದು ಸಣ್ಣುದು."

ಎಲ್ಲರೂ ತಿರುಗಿದರು. ನಾಗೇಂದ್ರಪ್ಪನ ಕಾಲು ಗಾಳಿಯಲ್ಲೇ ಉಳಿಯಿತು.

"ನಿಮಗ ಹೆಂಗ ಗೊತ್ತು ಅತ್ತಿಗಿ?"

"ಗೊತ್ತು. ಎರ್ರಿ, ದಾರ ಕೊಡು. ಹೇಮಾ, ಒಳಗ ಬಾ."

*

ಅಡುಗೆಮನೆಯ ಬಾಗಿಲು ಹಾಕಿ ಅಗುಳಿ ಸರಿಸಿದಳು. ಸೆರಗು ತೆಗೆದು, ಕುಪ್ಪಸದ ಗುಂಡಿ ಬಿಚ್ಚಿ, ಮಗಳಿಗೆ ಬೆನ್ನು ಕೊಟ್ಟಳು. ಬಲ ಹೆಗಲ ಕೆಳಗೊಂದು ಬಿಳಿ ಕಲೆ, ಸೊಂಟದ ಮೇಲೊಂದು. ತೊಗರಿಕಾಳಿನಷ್ಟು ದೊಡ್ಡವು.

ಹೇಮಾ ಹೊಸಪೇಟೆಯ ಲ್ಯಾಬೊಂದರಲ್ಲಿ ರಕ್ತ ತೆಗೆಯುವವಳು. ಎಳೆಕೂಸಿನ ನರವನ್ನೂ ಒಂದೇ ಸೂಜಿಗೆ ಹಿಡಿಯುತ್ತಿದ್ದಳು. ಈಗ ದಾರ ಹಿಡಿದೇ ಎರಡೂ ಕಲೆಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿದಳು.

"ಅವ್ವ, ಇದು ಅಪ್ಪನ..."

"ಅವನ ಚಪ್ಲಿದು. ಆ ಮ್ವಾಳಿಯಿಂದ ಈ ಮ್ವಾಳಿಮಟ ಅವನ ಪಾದ. ಹಿಡಿ."

ಹೇಮಾ ಹಿಡಿದಳು. ತಾಯಿ ಉಸಿರು ಎಳೆದಾಗ ದಾರ ಸಾಲಲಿಲ್ಲ. ಬಿಟ್ಟಾಗ ಸಡಿಲಾಯಿತು. ಬೆನ್ನು ಬಗ್ಗಿಸಿದಾಗ ಮತ್ತೊಂದು ಅಳತೆ.

"ಒಂದೊಂದು ಸಲ ಒಂದೊಂದು ಬರ್ತೈತವ್ವ. ತೊಗಲು ಜಗ್ಗತೈತಿ."

ಚೆನ್ನಬಸಮ್ಮ ಒಲೆಯ ಕಡೆ ನೋಡಿದಳು. ಆಮೇಲೆ ನೆಲದ ಮೇಲೆ ಬೋರಲು ಮಲಗಿದಳು. ಕೆನ್ನೆಯನ್ನು ಹಾಸುಬಂಡೆಗೆ ಒತ್ತಿ, ಬಲಗೈಯನ್ನು ಮೈಯಡಿ ಸೇರಿಸಿ, ಎಡಗೈಯನ್ನು ತಲೆಯಾಚೆ ಚಾಚಿದಳು. ಹುಡುಕಿ ಹುಡುಕಿ ಸರಿಮಾಡಿಕೊಂಡಳು.

"ಅವತ್ತು ಹಿಂಗ ಬಿದ್ದಿದ್ದೆ. ಉಸುರು ಹೊರಗ ಹೋಗಿತ್ತು. ಈಗ ಹಿಡಿ. ಪಕ್ಕದಿಂದ ಬ್ಯಾಡ, ಓರಿ ಆಗ್ತೈತಿ. ಮ್ಯಾಲ ನಿಂತು ಬಗ್ಗಿ ಹಿಡಿ."

ಹೇಮಾ ತಾಯಿಯ ಎರಡೂ ಪಕ್ಕ ಕಾಲಿಟ್ಟು ಮೇಲೆ ನಿಂತಳು. ಮೇಲಿನಿಂದ ತಾಯಿ ಚಿಕ್ಕವಳಾಗಿ ಕಂಡಳು. ಜಡೆ ಕಾಲ ಬಳಿಯೇ ಇತ್ತು, ಬಗ್ಗಿದರೆ ಕೈಗೆ ಸಿಗುವಷ್ಟು ಹತ್ತಿರ.

"ಬಿಗಿ ಹಿಡಿ. ಸಡ್ಲ ಬಿಡಬ್ಯಾಡ. ಜಗ್ಗಲೂಬ್ಯಾಡ. ಒಂದು ಕೂದಲಷ್ಟು ಕಡಿಮಿ ಆದ್ರೂ ಒಂಬತ್ತರಾಗ ಒಂಬತ್ತು ಕೂದಲು ಆಗ್ತೈತಿ."

ಹೇಮಾ ಎರಡು ಗಂಟು ಹಾಕಿದಳು. ಎರಡನೆಯದನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದಳು.

*

ಹೊಲದ ಬದಿಯಲ್ಲಿ ಗುಂಡಿ ಮುಗಿದಾಗ ಬಿಸಿಲು ಇಳಿದಿತ್ತು. ಕಿರಣ್ ಕುಮಾರ್ ಟೇಪು ಹಿಡಿದು ನೋಡಿ ಸುತ್ತಿಕೊಂಡ. ಅಯ್ನಾರು ದಾರವನ್ನು ಗುಂಡಿಯುದ್ದಕ್ಕೆ ಒಂಬತ್ತು ಸಲ ಇಟ್ಟು ತಲೆಯಾಡಿಸಿದರು. ದೊಡ್ಡಬಸಪ್ಪನನ್ನು ಇಳಿಸಿ, ಗುಂಡಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದರು. ಪ್ಲಾಸ್ಟಿಕ್ ಗಂಟುಗಳನ್ನು ತೊಡೆಯಡಿಗೆ ಮಡಚಿದರು. ವಿಭೂತಿ, ಉಪ್ಪು, ಮಣ್ಣು. ಊದಿದ ತುಟಿಯ ಹುಲಿಗೇಶ್ ದೂರ ಬದುವಿನ ಮೇಲೆ ನಿಂತಿದ್ದವನು ಬಂದು ಒಂದು ಹಿಡಿ ಹಾಕಿದ. ಯಾರೂ ತಡೆಯಲಿಲ್ಲ.

ಎರ್ರಿಯಪ್ಪ ನೀರು ಚಿಮುಕಿಸಿ ಮಣ್ಣು ತುಳಿದ.

"ಇನ್ನೂ ತುಳಿ," ಅಂದಳು ಚೆನ್ನಬಸಮ್ಮ.

"ಸಾಕ್ರಿ ಅವ್ವಾರ. ಗಟ್ಟಿ ಆಗೈತಿ."

"ಸರಿ, ಇಳಿ."

ಅವಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ದಿಬ್ಬದ ಮೇಲೆ ಹತ್ತಿದಳು.

"ಅತ್ತಿಗಿ!" ನಾಗೇಂದ್ರಪ್ಪ ಕೂಗಿದ. "ಗಂಡನ ಮ್ಯಾಲ ಕಾಲಿಡ್ತಾರೇನು? ಇಳೀರಿ!"

ಅಯ್ನಾರು ಗಂಟೆ ಬಾರಿಸುವುದನ್ನು ನಿಲ್ಲಿಸಿದರು. ಹೇಮಾ ಚಿಕ್ಕಪ್ಪನ ತೋಳು ಹಿಡಿದು ಹಿಂದಕ್ಕೆಳೆದಳು.

ಚೆನ್ನಬಸಮ್ಮ ಒಂಟಿ ಕಾಲಲ್ಲಿ ನಿಂತಳು. ಎರಡೂ ಕೈ ಚಾಚಿ ಮೈಭಾರವನ್ನೆಲ್ಲ ಆ ಕಾಲಿಗೆ ಬಿಟ್ಟಳು. ಆಮೇಲೆ ಇಳಿದು, ಹಿಂದಿರುಗಿ ನೋಡದೆ ಕಾಲು ತೊಳೆಯಲು ಬಾವಿಯ ಕಡೆ ಹೊರಟಳು.

ಹಸಿ ಕೆಂಪು ಮಣ್ಣಿನಲ್ಲಿ ಬೆರಳುಗಳ ಕಡೆಯದೊಂದು ಗುಣಿ, ಹಿಮ್ಮಡಿಯದೊಂದು ಗುಣಿ ಆಳವಾಗಿ ಮೂಡಿದ್ದವು. ನಡುವೆ ಏನೂ ಇರಲಿಲ್ಲ.